ಪಾರ್ಥೆನಾನ್‌ನ ಡಿಜಿಟಲ್ ಮಾದರಿಯನ್ನು ತಿದ್ದುವ ಬಗೆ: ಜಗಲಿಯ ಬಾಗಿನಿಂದ ಕಲ್ಲಿನ ಬಣ್ಣದವರೆಗೆ

ಅಥೆನ್ಸಿನ ಪುರಾತನ ದೇಗುಲ ಪಾರ್ಥೆನಾನ್‌ನ ಕಂಬಗಳನ್ನು ತೂಗುಗುಂಡು ಹಿಡಿದಷ್ಟು ನೆಟ್ಟಗೆ ನಿಲ್ಲಿಸಿದರೆ ಮಾದರಿ ತಪ್ಪಾಯಿತು. ಅಂತರಗಳನ್ನೆಲ್ಲ ಸಮ ಮಾಡಿದರೂ, ಜಗಲಿಯನ್ನು ಮಟ್ಟಸ ಹಾಕಿದರೂ ತಪ್ಪೇ. ಆದರೆ ಸಾಫ್ಟ್‌ವೇರ್ ತಾನಾಗಿ ಕೊಡುವುದು ನೆಟ್ಟಗಿನ ಗೆರೆ, ಸಮ ಅಂತರ, ಒಂದರಂತೆ ಇನ್ನೊಂದು ಪ್ರತಿ. ಹೆಚ್ಚಿನ ಮಾದರಿಗಳು ದೂರದಿಂದ ಸರಿ ಕಂಡು, ಹತ್ತಿರ ಹೋದಾಗ ರಟ್ಟಿನ ಪೆಟ್ಟಿಗೆಯಂತೆ ಕಾಣುವುದು ಇದರಿಂದಲೇ. ಅವು ಕಟ್ಟಿದವರ ಅಳತೆಯನ್ನು ಬಿಟ್ಟು ಸಾಫ್ಟ್‌ವೇರಿನ ಅಳತೆಯಲ್ಲಿ ನಿಂತಿರುತ್ತವೆ.

ಒರಟು ರಚನೆ ಈಗಾಗಲೇ ಸಿದ್ಧವಿದೆ ಎಂದುಕೊಂಡು ಈ ಮಾರ್ಗದರ್ಶಿ ಶುರುವಾಗುತ್ತದೆ: ಮೂರು ಮೆಟ್ಟಿಲ ಜಗಲಿ, ಮುಂದೆ 8 ಮತ್ತು ಪಕ್ಕಕ್ಕೆ 17ರಂತೆ ಸುತ್ತಲೂ 46 ಕಂಬ, ಮೇಲೆ ತೊಲೆ, ಪಟ್ಟಿ, ಸೂರು. ಹಂತಗಳನ್ನು 3ಡಿ ಮಾದರಿ ತಯಾರಿಸುವ ಬ್ಲೆಂಡರ್‌ಗೆ ಹೊಂದಿಸಿ ಹೇಳಿದೆ. ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಲೆಕ್ಕ ಇದೇ.

ಮೊದಲು ತೀರ್ಮಾನ: ಯಾವ ವರ್ಷದ ಕಟ್ಟಡ?

ಕೆಲಸ ಶುರುವಾದದ್ದು ಕ್ರಿ.ಪೂ. 447ರಲ್ಲಿ, ಶಿಲ್ಪಗಳು ಮುಗಿದದ್ದು ಕ್ರಿ.ಪೂ. 432ರಲ್ಲಿ. ಮುಂದೆ ಅದು ಚರ್ಚ್ ಆಯಿತು, ಆಮೇಲೆ ಮಸೀದಿ. ವೆನಿಸ್ ಸೇನೆಯ ದಾಳಿಯಲ್ಲಿ 1687ರ ಸೆಪ್ಟೆಂಬರ್ 26ರಂದು ಒಳಗಿಟ್ಟಿದ್ದ ಮದ್ದು ಸಿಡಿದು ನಡುಭಾಗವೇ ಹಾರಿಹೋಯಿತು. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್‌ನ ಜನ ಶಿಲ್ಪಗಳನ್ನು ಕಿತ್ತೊಯ್ದರು. 20ನೆಯ ಶತಮಾನದ ಮೊದಲ ಭಾಗದಲ್ಲಿ ನಿಕೊಲಾಸ್ ಬಲಾನೋಸ್ ನಡೆಸಿದ ಜೀರ್ಣೋದ್ಧಾರದಲ್ಲಿ ಹಲವು ಕಲ್ಲುಗಳು ತಮ್ಮದಲ್ಲದ ಜಾಗದಲ್ಲಿ ಕೂತವು. ಆಗ ಹಾಕಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿದವು. ಈಗಿನ ತಂಡ ಆ ಕಬ್ಬಿಣ ತೆಗೆದು ಟೈಟೇನಿಯಂ ಹಾಕುತ್ತಾ, ಕಲ್ಲುಗಳನ್ನು ಅವುಗಳ ಮೂಲಸ್ಥಾನಕ್ಕೆ ಮರಳಿಸುತ್ತಾ ಬಂದಿದೆ.

ಹಾಗಾಗಿ ಇಂದಿನ ಲೇಸರ್ ಸ್ಕ್ಯಾನಿನಲ್ಲಿ ಇರುವುದು ಕ್ರಿ.ಪೂ. 432ರ ಕಟ್ಟಡವಲ್ಲ, ಪದರ ಪದರವಾಗಿ ಮುರಿದು ಕಟ್ಟಿದ ಕಟ್ಟಡ. ಸ್ಕ್ಯಾನಿನ ಯಾವ ಕಲ್ಲು ಎಂದೂ ಕದಲಿಲ್ಲ, ಯಾವುದು ಎತ್ತಿ ಇಟ್ಟದ್ದು, ಯಾವುದು ಹೊಸದಾಗಿ ಕಡೆದು ಸೇರಿಸಿದ್ದು ಎಂದು ಬೇರ್ಪಡಿಸದೆ ಅಳತೆ ತೆಗೆಯಬೇಡಿ.

ಇದಕ್ಕೆ ಒಂದು ಆಧಾರದ ಪಟ್ಟಿ ಬೇಕು. ಮಾದರಿಯ ಪ್ರತಿ ವಸ್ತುವಿನ ಹೆಸರಿನ ಕೊನೆಗೆ ಒಂದು ದರ್ಜೆಯ ಅಕ್ಷರ ಸೇರಿಸಿ: ‘ಕ’ ಎಂದರೆ ಕಲ್ಲು ಮೂಲಸ್ಥಾನದಲ್ಲೇ ಇದೆ, ‘ಚ’ ಎಂದರೆ ಬಿದ್ದಿದ್ದರೂ ಅದರ ಜಾಗ ಖಚಿತ, ‘ಟ’ ಎಂದರೆ ಪಕ್ಕದ್ದನ್ನು ನೋಡಿ ಪುನರಾವರ್ತಿಸಿದ್ದು, ‘ತ’ ಎಂದರೆ ಬೇರೆ ಕಟ್ಟಡದ ಹೋಲಿಕೆಯಿಂದ ತಂದದ್ದು, ‘ಪ’ ಎಂದರೆ ಊಹೆ. ‘ಪೂರ್ವ_ಕಂಬ_03_ಕ’ ಎಂಬ ಹೆಸರು ನೋಡಿದೊಡನೆ ಅದನ್ನು ಮುಟ್ಟಬಹುದೋ ಬಾರದೋ ತಿಳಿಯುತ್ತದೆ. ಡಿಜಿಟಲ್ ಪುನಾರಚನೆಗೆ ಮಾನದಂಡವಾಗಿರುವ 2009ರ ಲಂಡನ್ ಚಾರ್ಟರ್ ಕೇಳುವುದೂ ಇದನ್ನೇ: ಯಾವುದು ಆಧಾರ, ಯಾವುದು ಊಹೆ ಎಂಬುದು ನೋಡುವವರಿಗೆ ಕಾಣಬೇಕು. ಕೆಲಸ ಮುಗಿದ ಮೇಲೆ ಹಿಂದಿರುಗಿ ದರ್ಜೆ ಹಾಕುತ್ತೇವೆಂದರೆ ಆಗುವುದಿಲ್ಲ. ಅಷ್ಟರಲ್ಲಿ ನೆನಪು ಊಹೆಯನ್ನೂ ಸತ್ಯ ಮಾಡಿಬಿಟ್ಟಿರುತ್ತದೆ.

ಏಕಮಾನ, ಮೂಲಬಿಂದು

ಏಕಮಾನ ಮೀಟರ್, ಸ್ಕೇಲ್ 1 ಇರಲಿ. ಸ್ಕ್ಯಾನ್ ಭೂನಿರ್ದೇಶಾಂಕಗಳಲ್ಲಿ ಬಂದಿದ್ದರೆ ಹಾಗೆಯೇ ಒಳಗೆ ತರಬೇಡಿ. ಅಥೆನ್ಸಿನಲ್ಲಿ ಉತ್ತರದ ನಿರ್ದೇಶಾಂಕ 42 ಲಕ್ಷ ಮೀಟರ್ ದಾಟುತ್ತದೆ. ಬ್ಲೆಂಡರ್ ಸ್ಥಾನಗಳನ್ನು 32 ಬಿಟ್ ಸಂಖ್ಯೆಗಳಲ್ಲಿ ಇಡುತ್ತದೆ; 41,94,304ಕ್ಕಿಂತ ದೊಡ್ಡ ಸಂಖ್ಯೆಗೆ ಅದರ ಕನಿಷ್ಠ ಹೆಜ್ಜೆ ಅರ್ಧ ಮೀಟರ್. ನುಣುಪಾದ ಕಂಬ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಎಷ್ಟೋ ಜನ ಸ್ಕ್ಯಾನೇ ಕೆಟ್ಟಿದೆ ಎಂದು ತಿಳಿದು ಅದನ್ನು ಎಸೆಯುತ್ತಾರೆ. ಸ್ಕ್ಯಾನಿನ ಬಿಂದುಗಳನ್ನು ನೋಡಲು, ಹೋಲಿಸಲು ಬಳಸುವ ಕ್ಲೌಡ್‌ಕಂಪೇರ್ ಸಾಫ್ಟ್‌ವೇರಿನಲ್ಲಿ ತೆರೆಯುವಾಗಲೇ ದೊಡ್ಡ ಸಂಖ್ಯೆಯನ್ನು ಕಳೆದು, ಜಗಲಿಯ ನಡುವನ್ನು ಸೊನ್ನೆ ಮಾಡಿಕೊಳ್ಳಿ, ಕಳೆದ ಮೊತ್ತವನ್ನು ಬರೆದಿಡಿ. ನಾಲ್ಕು ಮೂಲೆಗಳ ಎತ್ತರವೂ ಸೊನ್ನೆ ಎಂದು ಇಟ್ಟುಕೊಂಡರೆ ಮುಂದಿನ ಲೆಕ್ಕಗಳು ಸಲೀಸು.

ಜಗಲಿಯ ಬಾಗು

ಕಂಬಗಳು ನೇರವಾಗಿ ನಿಂತಿರುವ ಮೇಲಿನ ಮೆಟ್ಟಿಲನ್ನು ಸ್ಟೈಲೋಬೇಟ್ ಎನ್ನುತ್ತಾರೆ. ಅದರ ಅಳತೆ 30.88 × 69.50 ಮೀಟರ್. ಅದು ಮಟ್ಟಸವಿಲ್ಲ: ಕಿರುಬದಿಯ ನಡು ಮೂಲೆಗಿಂತ ಸುಮಾರು 6 ಸೆಂ.ಮೀ. ಎತ್ತರ, ಉದ್ದಬದಿಯ ನಡು ಸುಮಾರು 11 ಸೆಂ.ಮೀ. ಎತ್ತರ. ಬ್ರಿಟಿಷ್ ವಾಸ್ತುಶಿಲ್ಪಿ ಫ್ರಾನ್ಸಿಸ್ ಪೆನ್ರೋಸ್ 1840ರ ದಶಕದಲ್ಲಿ ಇದನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆದ. ನೆಲ ಕುಸಿದು ಆದ ಬಾಗು ಇದಲ್ಲ, ಕಲ್ಲನ್ನೇ ಹಾಗೆ ಕಡೆದದ್ದು.

ಈ ಬಾಗನ್ನು ಕೈಯಿಂದ ಎಳೆಯಬೇಡಿ. ಜಗಲಿಯ ಮೆಶ್ ಅನ್ನು ಅರ್ಧ ಮೀಟರಿಗೊಂದರಂತೆ ಸೀಳಿ, ಜಿಯಾಮೆಟ್ರಿ ನೋಡ್ಸ್‌ನ ಸೆಟ್ ಪೊಸಿಷನ್‌ಗೆ ಈ ಲೆಕ್ಕ ಕೊಡಿ. ನಡುವಿನಿಂದ ಅಡ್ಡಕ್ಕೆ ಇರುವ ದೂರ ‘ಅ’, ಉದ್ದಕ್ಕೆ ಇರುವ ದೂರ ‘ಉ’ ಆದರೆ:

ಏರಿಕೆ = 0.06 × (1 − (2ಅ ÷ 30.88)²) + 0.11 × (1 − (2ಉ ÷ 69.50)²)

ಮೂಲೆಯಲ್ಲಿ ಇದು ಸೊನ್ನೆ, ಕಿರುಬದಿಯ ನಡುವೆ 6 ಸೆಂ.ಮೀ., ಉದ್ದಬದಿಯ ನಡುವೆ 11 ಸೆಂ.ಮೀ. ಕೊಡುತ್ತದೆ. ಪರೀಕ್ಷೆಗೆ ಒಂದು ಬಿಂದು: ಉದ್ದಬದಿಯ ಅಂಚಿನಲ್ಲಿ, ಮೂಲೆಗೂ ನಡುವಿಗೂ ಸರಿಮಧ್ಯೆ, 8.25 ಸೆಂ.ಮೀ. ಬರಬೇಕು. 5.5 ಬಂದರೆ ವರ್ಗ ಮಾಡುವ ನೋಡ್ ಬಿಟ್ಟುಹೋಗಿದೆ. ಜಗಲಿ ಬಾಗುವ ಬದಲು ಡೇರೆಯಂತೆ ಎರಡು ಇಳಿಜಾರಾಗಿರುತ್ತದೆ.

ಇಲ್ಲಿ ಮಾಡುವ ದೊಡ್ಡ ತಪ್ಪೆಂದರೆ ಇಡೀ ಕಟ್ಟಡವನ್ನು ಒಂದೇ ಲ್ಯಾಟಿಸ್‌ನಲ್ಲಿ ಹಾಕಿ ಬಗ್ಗಿಸುವುದು. ಹಾಗೆ ಮಾಡಿದರೆ ಕಂಬಗಳೇ ತಿರುಚಿಕೊಳ್ಳುತ್ತವೆ. ಕಂಬ ಬಾಗುವುದಿಲ್ಲ, ಏರುತ್ತದೆ ಅಷ್ಟೆ: ಬುಡ ಇರುವ ಬಿಂದುವಿನ ಏರಿಕೆಯನ್ನು ಅದೇ ಸೂತ್ರದಿಂದ ಓದಿ ಕಂಬವನ್ನು ಅಷ್ಟು ಮೇಲೆತ್ತಿ. ತೊಲೆಗಳೂ ಬಾಗಬೇಕಿಲ್ಲ. ಉದ್ದಬದಿಯ ಬಾಗಿನ ತ್ರಿಜ್ಯ ಸುಮಾರು 5.5 ಕಿ.ಮೀ.; 4.29 ಮೀಟರ್ ಉದ್ದದ ಒಂದು ತೊಲೆಗಲ್ಲಿನಲ್ಲಿ ಅದು ಅರ್ಧ ಮಿ.ಮೀ.ಗೂ ಕಡಿಮೆ. ಕಿರುಬದಿಯಲ್ಲಿ ಸುಮಾರು 1.2 ಮಿ.ಮೀ. ನೇರ ಕಲ್ಲುಗಳನ್ನು ಏರಿದ ಬೋದಿಗೆಗಳ ಮೇಲೆ ಸಾಲಾಗಿ ಕೂರಿಸಿದರೆ ಬಾಗು ತಾನಾಗಿ ಮೇಲಿನವರೆಗೂ ಹೋಗುತ್ತದೆ.

ಕಂಬ

ಕಂಬದ ಒಟ್ಟು ಎತ್ತರ 10.43 ಮೀಟರ್, ಬುಡದ ವ್ಯಾಸ 1.905, ತುದಿಯಲ್ಲಿ ಸುಮಾರು 1.48. ಬುಡದಿಂದ ತುದಿಗೆ ನೇರ ಗೆರೆ ಎಳೆದರೆ ಕಂಬದ ನಡು ಸೊರಗಿದಂತೆ ಕಾಣುತ್ತದೆ. ಅದಕ್ಕಾಗಿ ಕಟ್ಟಿದವರು ನಡುವನ್ನು ತುಸು ತುಂಬಿಸಿದರು. ಇದೇ ಎಂಟಾಸಿಸ್, ಇಲ್ಲಿ ಸುಮಾರು 17 ಮಿ.ಮೀ. ಬೋದಿಗೆಯನ್ನು ಬಿಟ್ಟು ಕಾಂಡದ ಎತ್ತರವನ್ನು ನಾಲ್ಕು ಪಾಲು ಮಾಡಿ, ತ್ರಿಜ್ಯಗಳನ್ನು ಹೀಗೆ ಇಡಿ:

ಬುಡ: 0.952 ಮೀ.
ಕಾಲು ಎತ್ತರ: 0.912 ಮೀ.
ಅರ್ಧ: 0.863 ಮೀ.
ಮುಕ್ಕಾಲು: 0.806 ಮೀ.
ತುದಿ: 0.740 ಮೀ.

ಈ ಐದರ ಮೂಲಕ ನುಣುಪಾದ ವಕ್ರ ಹಾಯಿಸಿ. ಯಾವ ಎತ್ತರದಲ್ಲೂ ತ್ರಿಜ್ಯ ಬುಡಕ್ಕಿಂತ ಹೆಚ್ಚಾಗಕೂಡದು. ಹೆಚ್ಚಾದರೆ ವಕ್ರದ ಹಿಡಿಕೆಗಳು ಉದ್ದವಾಗಿವೆ, ಕಂಬಕ್ಕೆ ಹೊಟ್ಟೆ ಬಂದಿದೆ. ತೆರೆಯ ಮೇಲೆ 17 ಮಿ.ಮೀ. ಕಾಣುವುದಿಲ್ಲವೆಂದು ಅದನ್ನು ಎರಡು ಮೂರು ಪಟ್ಟು ಹಿಗ್ಗಿಸುವವರಿದ್ದಾರೆ. ದಯವಿಟ್ಟು ಬೇಡ. ಒಂದು ಕಂಬದಲ್ಲಿ ಕಾಣದ್ದು ಸಾಲಿನಲ್ಲಿ ಕಾಣುತ್ತದೆ, ಸಂಜೆಯ ಓರೆ ಬೆಳಕಿನಲ್ಲಂತೂ ಖಂಡಿತ.

ಕಂಬದ ಸುತ್ತ 20 ತೋಡುಗಳಿವೆ. ಎರಡು ತೋಡು ಕೂಡುವಲ್ಲಿ ಚಪ್ಪಟೆ ಪಟ್ಟಿ ಇಲ್ಲ, ಚಾಕುವಿನ ಅಲಗಿನಂಥ ಅಂಚು. ಎಡವುವ ಜಾಗಗಳು ಎರಡು. ಮೊದಲನೆಯದು ದಿಕ್ಕು. ಮುಂದಿನಿಂದ ನೋಡಿದಾಗ ತೋಡಿನ ನಡು ಎದುರಿಗೆ ಬರಬೇಕು, ಅಲಗುಗಳು ಬೋದಿಗೆಯ ಚೌಕ ಹಲಗೆಯ ಮೂಲೆಗಳ ಕೆಳಗೆ ಬರಬೇಕು. ಬ್ಲೆಂಡರ್‌ನ 20 ಬಿಂದುಗಳ ವೃತ್ತದಲ್ಲಿ ಮೊದಲ ಬಿಂದು ಅಕ್ಷದ ಮೇಲೆಯೇ ಕೂರುತ್ತದೆ, ಆದ್ದರಿಂದ ಅಲಗು ಎದುರಿಗೆ ಬಂದುಬಿಡುತ್ತದೆ. ವೃತ್ತವನ್ನು 9 ಡಿಗ್ರಿ ತಿರುಗಿಸಿ. ಎರಡನೆಯದು ಆಳ. ಅಲಗಿನಿಂದ ಅಲಗಿಗೆ ಬುಡದಲ್ಲಿ ಸುಮಾರು 30 ಸೆಂ.ಮೀ., ತುದಿಯಲ್ಲಿ 23. ಒಂದೇ ದಪ್ಪದ ಉರುಳೆಯಿಂದ ಬೂಲಿಯನ್ ಕತ್ತರಿಸಿದರೆ ಬುಡದಲ್ಲಿ ತೋಡುಗಳ ನಡುವೆ ಪಟ್ಟಿ ಉಳಿಯುತ್ತದೆ, ತುದಿಯಲ್ಲಿ ಒಂದನ್ನೊಂದು ತಿನ್ನುತ್ತವೆ. ಬೂಲಿಯನ್ ಬಿಟ್ಟು, 20 ತೋಡಿನ ಅಡ್ಡಕೊಯ್ತವನ್ನು ಒಮ್ಮೆ ಬರೆದು, ಪ್ರತಿ ಎತ್ತರದಲ್ಲೂ ಮೇಲಿನ ತ್ರಿಜ್ಯಕ್ಕೆ ಹಿಗ್ಗಿಸಿ ಕುಗ್ಗಿಸಿ ಜೋಡಿಸಿ. ಅಗಲ, ಆಳ ಎರಡೂ ತಮ್ಮ ಪ್ರಮಾಣದಲ್ಲೇ ಇಳಿಯುತ್ತವೆ. ಅಲಗಿಗೆ ಬೆವೆಲ್ ಹಾಕುವುದಾದರೆ 1 ಮಿ.ಮೀ. ಸಾಕು.

ಇನ್ನು ಸಂದುಗಳು. ಕಂಬ ಒಂದೇ ಕಲ್ಲಿನದಲ್ಲ. ಸಾಮಾನ್ಯವಾಗಿ 10ರಿಂದ 12 ಡ್ರಮ್ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಅಂಚಿನ ಉಂಗುರವನ್ನು ಕನ್ನಡಿಯಷ್ಟು ನಯಮಾಡಿ, ಒಳಭಾಗವನ್ನು ತುಸು ತಗ್ಗಿಸಿ ಕೂರಿಸುತ್ತಿದ್ದರು. ತೋಡುಗಳನ್ನು ಪೂರ್ತಿ ಕೊರೆದದ್ದು ಕಂಬ ಎದ್ದು ನಿಂತ ಮೇಲೆ. ಅದಕ್ಕೇ ಸಂದನ್ನು ದಾಟುವಾಗ ಅಲಗು ಒಂದಿಷ್ಟೂ ಕದಲುವುದಿಲ್ಲ. ಪ್ರತಿ ಡ್ರಮ್ಮಿಗೂ ಸೆಂಟಿಮೀಟರ್ ಬೆವೆಲ್ ಹಾಕಿ ಕಪ್ಪು ಗೆರೆ ತೋರಿಸಿದ ಮಾದರಿ ತೋರಿಸುವುದು 432ರ ಕಂಬವನ್ನಲ್ಲ, ಸ್ಫೋಟಕ್ಕೂ ಭೂಕಂಪಕ್ಕೂ ಸರಿದು ಅಂಚು ಒಡೆದ ಇಂದಿನ ಕಂಬವನ್ನು. ಹೊಸ ಕಟ್ಟಡಕ್ಕೆ ಸಂದನ್ನು ನಾರ್ಮಲ್ ಮ್ಯಾಪ್‌ನಲ್ಲಿ ಕೂದಲೆಳೆಯಾಗಿ ತೋರಿಸಿ. ಗುರುತಾಗಬೇಕಾದದ್ದು ಗೆರೆಯಿಂದಲ್ಲ, ಕಲ್ಲಿನಿಂದ ಕಲ್ಲಿಗೆ ಬದಲಾಗುವ ತುಸು ಬಣ್ಣದಿಂದ.

ವಾಲು

ಸುತ್ತಲಿನ ಕಂಬಗಳು ಒಳಕ್ಕೆ ಸುಮಾರು 7 ಸೆಂ.ಮೀ. ವಾಲಿವೆ. 10.43 ಮೀಟರಿಗೆ 7 ಸೆಂ.ಮೀ. ಎಂದರೆ 0.38 ಡಿಗ್ರಿ. ಮೂಲೆಯ ಕಂಬ ಎರಡೂ ಕಡೆಗೆ ವಾಲಿರುವುದರಿಂದ ಕರ್ಣದಲ್ಲಿ ಸುಮಾರು 10 ಸೆಂ.ಮೀ.

ಇಲ್ಲಿ ಷಿಯರ್ (ಪದರಗಳನ್ನು ಅಡ್ಡಕ್ಕೆ ಸರಿಸಿ ಓರೆ ಮಾಡುವುದು) ಮಾಡಬೇಡಿ, ತಿರುಗಿಸಿ. ಷಿಯರ್ ಮಾಡಿದರೆ ಎಲ್ಲ ಡ್ರಮ್ ಸಂದುಗಳೂ ನೆಲಕ್ಕೆ ಸಮಾನಾಂತರವಾಗಿ ಉಳಿಯುತ್ತವೆ. ನಿಜದಲ್ಲಿ ಸಂದುಗಳು ಕಂಬದ ಅಕ್ಷಕ್ಕೆ ಲಂಬ. ವಾಲನ್ನೆಲ್ಲ ಹೊತ್ತಿರುವುದು ಬುಡದ ಡ್ರಮ್. ಅದರ ತಳವನ್ನು ಓರೆಯಾಗಿ ಕಡೆದಿದ್ದಾರೆ. ಲೆಕ್ಕ ಹಾಕಿದರೆ ಆ ಒಂದು ಕಲ್ಲಿನ ಒಳಬದಿಗೂ ಹೊರಬದಿಗೂ ಎತ್ತರದಲ್ಲಿ ಸುಮಾರು 13 ಮಿ.ಮೀ. ವ್ಯತ್ಯಾಸ. ಮಾದರಿಯಲ್ಲಿ ಕಂಬವನ್ನು ಬುಡದ ನಡುಬಿಂದುವಿನ ಸುತ್ತ ತಿರುಗಿಸಿದಾಗ ಒಂದು ಅಂಚು 6.5 ಮಿ.ಮೀ. ಜಗಲಿಯೊಳಗೆ ಇಳಿಯುತ್ತದೆ, ಎದುರಿನದು ಅಷ್ಟೇ ಮೇಲೇಳುತ್ತದೆ. ಮೇಲೆದ್ದ ಅಂಚಿನ ಕೆಳಗೆ ಬೆಳಕು ನುಸುಳಿದರೆ ಕಂಬ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಆದ್ದರಿಂದ ಬುಡದ ಡ್ರಮ್ಮನ್ನು 2 ಸೆಂ.ಮೀ. ಉದ್ದ ಮಾಡಿಟ್ಟುಕೊಂಡು, ತಿರುಗಿಸಿದ ಮೇಲೆ ಜಗಲಿಯ ಮೇಲ್ಮೈಯಲ್ಲಿ ಕತ್ತರಿಸಿ. ಬೋದಿಗೆಯ ಹಲಗೆಯ ಮೇಲ್ಮೈಯನ್ನೂ ತೊಲೆ ಕೂರುವಂತೆ ಸಮ ಮಾಡಿ.

ಮಿಕ್ಕ ಕಂಬಗಳಿಗೆ ಆಲ್ಟ್-ಡಿ ಪ್ರತಿ ಸಾಕು. ಸ್ಥಾನ, ತಿರುವು ಬೇರೆಯಾದರೂ ಮೆಶ್ ಒಂದೇ ಆಗಿ ಫೈಲ್ ಹಗುರವಾಗುತ್ತದೆ. ಬುಡ, ತುದಿಗಳ ಕತ್ತರಿಕೆ ಬದಿಯಿಂದ ಬದಿಗೆ ಬೇರೆಯಾದ್ದರಿಂದ ಬುಡದ ಡ್ರಮ್ಮನ್ನೂ ಬೋದಿಗೆಯನ್ನೂ ಬೇರೆ ವಸ್ತುವಾಗಿಡಿ. ಮೂಲೆಯ ನಾಲ್ಕಕ್ಕೆ ಸ್ವಂತ ಮೆಶ್ ಬೇಕು. ಆಕಾಶದ ಎದುರು ನಿಲ್ಲುವ ಮೂಲೆಕಂಬ ತೆಳ್ಳಗೆ ಕಾಣುತ್ತದೆ. ಅದನ್ನು ತುಸು ದಪ್ಪ ಮಾಡಿದ್ದಾರೆ, ವ್ಯಾಸ ಸುಮಾರು 1.94 ಮೀಟರ್.

ಮೂಲೆಯ ತೊಡಕು

ಪಾರ್ಥೆನಾನ್‌ನ ಡೋರಿಕ್ ಎಂಬ ಗ್ರೀಕ್ ಕಟ್ಟಡಶೈಲಿಯನ್ನು ಅರಿತವರಿಗೂ ಅರಿಯದವರಿಗೂ ವ್ಯತ್ಯಾಸ ತಿಳಿಯುವುದೇ ಇಲ್ಲಿ. ತೊಲೆಯ ಮೇಲಿನ ಪಟ್ಟಿಯಲ್ಲಿ ಮೂರು ಗೀರಿನ ಟ್ರೈಗ್ಲಿಫ್ ಕಲ್ಲು, ಶಿಲ್ಪವಿರುವ ಮೆಟೋಪ್ ಫಲಕ, ಒಂದಾದ ಮೇಲೊಂದು ಬರುತ್ತವೆ. ಪ್ರತಿ ಕಂಬದ ನೇರಕ್ಕೆ ಒಂದು, ಎರಡು ಕಂಬಗಳ ನಡುವೆ ಒಂದು ಟ್ರೈಗ್ಲಿಫ್ ಬರಬೇಕು. ಆದರೆ ಪಟ್ಟಿ ಟ್ರೈಗ್ಲಿಫ್‌ನಿಂದಲೇ ಮುಗಿಯಬೇಕೆಂಬ ಇನ್ನೊಂದು ನಿಯಮವೂ ಇದೆ. ತೊಲೆಯ ದಪ್ಪ ಸುಮಾರು 1.77 ಮೀಟರ್, ಟ್ರೈಗ್ಲಿಫ್‌ನ ಅಗಲ ಸುಮಾರು 0.845. ಆದ್ದರಿಂದ ಮೂಲೆಯ ಟ್ರೈಗ್ಲಿಫ್ ಕಂಬದ ಅಕ್ಷದಿಂದ (1.77 − 0.845) ÷ 2, ಅಂದರೆ 0.46 ಮೀಟರ್ ಹೊರಕ್ಕೆ ಸರಿಯುತ್ತದೆ. ಕಂಬವನ್ನು ಅಷ್ಟು ಒಳಕ್ಕೆ ತಂದರೆ ಲೆಕ್ಕ ಸರಿಹೋಗಬೇಕು: ಕಂಬದಿಂದ ಕಂಬಕ್ಕೆ ಸಾಮಾನ್ಯ ಅಂತರವಾದ 4.29ರ ಬದಲು 3.83.

ಪಾರ್ಥೆನಾನ್‌ನಲ್ಲಿ ಮೂಲೆಯ ಅಂತರ ಸುಮಾರು 3.68 ಮೀಟರ್. ಬೇಕಾದ್ದಕ್ಕಿಂತ 15 ಸೆಂ.ಮೀ. ಹೆಚ್ಚೇ ಒತ್ತಿದ್ದಾರೆ. ಆ ಹೆಚ್ಚುವರಿಯನ್ನು ಮೆಟೋಪ್‌ಗಳು ನುಂಗಬೇಕು, ಅದಕ್ಕೇ ಅವುಗಳ ಅಗಲ ಒಂದೇ ಸಮ ಇಲ್ಲ. ಅರೇ ಮಾಡಿಫೈಯರ್ ಹಾಕಿ ಮೆಟೋಪ್‌ಗಳನ್ನು ಸಮನಾಗಿ ಹಂಚಿದರೆ ನಡುವಿನ ಟ್ರೈಗ್ಲಿಫ್‌ಗಳು ಕಂಬದ ನೇರದಿಂದ ಮೆಲ್ಲನೆ ಸರಿಯುತ್ತಾ ಹೋಗುತ್ತವೆ. ಮೊದಲು ಕಂಬಗಳನ್ನು ಇಡಿ, ಆಮೇಲೆ ಅಳೆದ ಸ್ಥಾನಗಳಲ್ಲಿ ಟ್ರೈಗ್ಲಿಫ್, ಉಳಿದ ಜಾಗಕ್ಕೆ ಮೆಟೋಪ್. ಮುಂದೆ 14, ಪಕ್ಕಕ್ಕೆ 32, ಒಟ್ಟು 92 ಮೆಟೋಪ್ ಬಂದರೆ ಎಣಿಕೆ ಸರಿ.

ಮೇಲಿನ ಚಿಕ್ಕ ವಿವರಗಳಲ್ಲಿ ಎರಡನ್ನು ನೋಡಿಕೊಳ್ಳಿ. ಟ್ರೈಗ್ಲಿಫ್‌ನ ಕೆಳಗೆ, ತೊಲೆಯ ಅಂಚಿನಲ್ಲಿ ಆರು ಹನಿಗುಬ್ಬಿಗಳು ತೂಗುತ್ತವೆ. ಸೂರಿನ ಅಡಿಯ ಮ್ಯೂಟ್ಯೂಲ್ ಹಲಗೆಗಳಲ್ಲಿ ಆರರ ಮೂರು ಸಾಲು, ಹದಿನೆಂಟು. ಈ ಹಲಗೆಗಳು ಟ್ರೈಗ್ಲಿಫ್‌ನ ಮೇಲೆ ಮಾತ್ರವಲ್ಲ, ಪ್ರತಿ ಮೆಟೋಪ್‌ನ ಮೇಲೂ ಇರುತ್ತವೆ, ಹೊರಕ್ಕೆ ಇಳಿಜಾರಾಗಿರುತ್ತವೆ.

ಶಿಲ್ಪದ ಜಾಗದಲ್ಲಿ ಏನು ಇಡಬೇಕು

ದಕ್ಷಿಣ ಬದಿಯ ನಡುವಿನ ಮೆಟೋಪ್‌ಗಳು ಸ್ಫೋಟದಲ್ಲಿ ಹೋದವು. ಅವುಗಳ ರೂಪ ತಿಳಿಯುವುದು 1674ರಲ್ಲಿ ಬರೆದ, ಜಾಕ್ ಕ್ಯಾರೆಯವು ಎನ್ನಲಾಗುವ ಚಿತ್ರಗಳಿಂದ. ಆ ಚಿತ್ರಗಳಿಂದ ಭಂಗಿ ಗೊತ್ತಾಗುತ್ತದೆ, ಉಬ್ಬಿನ ಆಳ ಗೊತ್ತಾಗುವುದಿಲ್ಲ. ಅದನ್ನು ಪಕ್ಕದ ಉಳಿದ ಫಲಕದಷ್ಟೇ ನಯವಾಗಿ ಕಡೆದಿಟ್ಟರೆ ನೋಡುವವರಿಗೆ ಸುಳ್ಳು ಹೇಳಿದಂತೆ. ಉಳಿದ ಶಿಲ್ಪ ಸ್ಕ್ಯಾನಿನಿಂದ ಬರಲಿ. ಚಿತ್ರದಿಂದ ತಿಳಿದದ್ದು ಮುಖಚಹರೆ, ಬಟ್ಟೆಯ ಮಡಿಕೆಗಳಿಲ್ಲದ ಮೆತ್ತನೆಯ ಉಬ್ಬಾಗಿ ಬರಲಿ. ಏನೂ ತಿಳಿಯದ್ದು ಬರಿಯ ಫಲಕವಾಗಿರಲಿ.

ಕಲ್ಲು ಮತ್ತು ಬಣ್ಣ

ಪೆಂಟೆಲಿಕ್ ಅಮೃತಶಿಲೆಯ ಇಂದಿನ ಜೇನುಬಣ್ಣ ಕಾಲ ಕೊಟ್ಟದ್ದು. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಅದಕ್ಕೆ ಒಂದು ಕಾರಣ. ಇಂದಿನ ಫೋಟೋ ಟೆಕ್ಸ್‌ಚರನ್ನು ಕ್ರಿ.ಪೂ. 432ಕ್ಕೆ ಹೊದಿಸಬೇಡಿ. ಹಾಗೆಂದು ಅಚ್ಚ ಬಿಳುಪೂ ಬೇಡ: ಬೇಸ್ ಕಲರ್ 0.8ರ ಆಸುಪಾಸಿನಲ್ಲಿರಲಿ, 1 ಆದರೆ ತೋಡುಗಳೊಳಗಿನ ನೆರಳೇ ಸತ್ತುಹೋಗುತ್ತದೆ. ಬೆಳಕು ಅಂಚಿನಲ್ಲಿ ತುಸು ಒಳಹೊಕ್ಕು ಹೊರಬರುವಂತೆ ಸಬ್‌ಸರ್ಫೇಸ್ ಕೊಡಿ, ತ್ರಿಜ್ಯ ಕೆಲವೇ ಮಿ.ಮೀ.; ಸ್ಕೇಲ್ ತಪ್ಪಿ ಅದು ಸೆಂಟಿಮೀಟರ್‌ಗಟ್ಟಲೆಯಾದರೆ ಕಂಬ ಮೇಣದಬತ್ತಿಯಾಗುತ್ತದೆ. 4 ಮೀಟರ್ ಹರವಿಗೆ 4096 ಪಿಕ್ಸೆಲ್ ಎಂದರೆ ಮಿಲಿಮೀಟರಿಗೆ ಒಂದು. ಕಣ್ಣಳತೆಯ ನೋಟಕ್ಕೆ ಸಾಕು. ಪ್ರತಿ ಕಲ್ಲಿನ ಟೆಕ್ಸ್‌ಚರನ್ನೂ ಯಾದೃಚ್ಛಿಕವಾಗಿ ಸರಿಸಿ, ಇಲ್ಲದಿದ್ದರೆ ಒಂದೇ ನಾಳ ಕಂಬದಿಂದ ಕಂಬಕ್ಕೆ ಮರುಕಳಿಸುತ್ತದೆ.

ಕಟ್ಟಡ ಬರಿ ಬಿಳಿಯಾಗಿರಲಿಲ್ಲ. ಟ್ರೈಗ್ಲಿಫ್, ಮ್ಯೂಟ್ಯೂಲ್‌ಗಳಿಗೆ ನೀಲಿ, ಸೂರಿನಡಿಯ ಪಟ್ಟಿಗಳಿಗೆ ಕೆಂಪು ಡೋರಿಕ್ ಕಟ್ಟಡಗಳ ರೂಢಿ. ಈಜಿಪ್ಷಿಯನ್ ನೀಲಿ ಎಂಬ ಆ ಬಣ್ಣಕ್ಕೆ ಒಂದು ಗುಣವಿದೆ: ಸಾಧಾರಣ ಬೆಳಕು ಬಿದ್ದಾಗ ಅದು ಸುಮಾರು 910 ನ್ಯಾನೋಮೀಟರಿನ ಅವಕೆಂಪು ಕಿರಣ ಸೂಸುತ್ತದೆ. ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಅವಕೆಂಪು ಕ್ಯಾಮೆರಾದಲ್ಲಿ ಹೊಳೆಯುತ್ತದೆ. 2009ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಪಾರ್ಥೆನಾನ್‌ನ ಐರಿಸ್ ದೇವತೆಯ ಶಿಲ್ಪದ ನಡುಪಟ್ಟಿಯ ಮೇಲೆ ಈ ನೀಲಿ ಸಿಕ್ಕಿದ್ದು ಹೀಗೆಯೇ. ಬಣ್ಣಗಳನ್ನು ಪ್ರತ್ಯೇಕ ಮಾಸ್ಕ್ ಪದರದಲ್ಲಿಟ್ಟು, ಪ್ರತಿ ಪದರಕ್ಕೂ ಮೇಲಿನ ದರ್ಜೆಯಕ್ಷರ ಹಾಕಿ. ಬಣ್ಣ ಯಾವುದೆಂದು ತಿಳಿದರೂ ಅದರ ಗಾಢತೆ ಬಹುತೇಕ ‘ಪ’ ದರ್ಜೆಯದೇ.

ಸ್ಕ್ಯಾನಿನ ಜೊತೆ ಹೋಲಿಕೆ

ತಿದ್ದಿದ ಮಾದರಿಯನ್ನು ಕ್ಲೌಡ್‌ಕಂಪೇರ್‌ನಲ್ಲಿ ಸ್ಕ್ಯಾನಿನ ಮೇಲೆ ಇಟ್ಟು, ಮೆಶ್‌ನಿಂದ ಬಿಂದುಗಳ ದೂರವನ್ನು ಧನ-ಋಣ ಚಿಹ್ನೆಯೊಂದಿಗೆ ಅಳೆಯಿರಿ. ಬಣ್ಣದ ಪಟ್ಟಿ ±20 ಮಿ.ಮೀ. ಇರಲಿ; ಹಸಿರು ಎಂದರೆ ವ್ಯತ್ಯಾಸ ಸೊನ್ನೆಯ ಹತ್ತಿರ. ಐಸಿಪಿ ಎಂಬ ತಾನಾಗಿ ಹೊಂದಿಸುವ ವಿಧಾನವನ್ನು ಇಲ್ಲಿ ನಂಬಬೇಡಿ. ಅದರ ಕೆಲಸ ಒಟ್ಟು ದೂರವನ್ನು ಕಡಿಮೆ ಮಾಡುವುದು. ಒಂದೇ ಕಂಬಸಾಲನ್ನು ಕೊಟ್ಟರೆ, ನೆಟ್ಟಗೆ ನಿಂತ ತಪ್ಪು ಮಾದರಿಯನ್ನೂ ತುಸು ವಾಲಿಸಿ, ಎತ್ತಿ, ತಪ್ಪನ್ನು ಎಲ್ಲೆಡೆ ಹಂಚಿ, ಪರದೆ ತುಂಬ ಹಸಿರು ತೋರಿಸಿಬಿಡುತ್ತದೆ. ಜಗಲಿಯ ಮೂಲೆಗಳಲ್ಲಿ ಅಳೆದ ನಿಯಂತ್ರಣ ಬಿಂದುಗಳಿಂದ ಮಾತ್ರ ಹೊಂದಿಸಿ. ಆಗ ಬುಡದಲ್ಲಿ ಹಸಿರಾಗಿದ್ದು ತುದಿಗೆ ಹೋದಂತೆ ಕೆಂಪಾಗುವ ಕಂಬಕ್ಕೆ ವಾಲು ತಪ್ಪಿದೆ. ನಡುವಿನಲ್ಲಿ ಮಾತ್ರ ಕೆಂಪಾದರೆ ಎಂಟಾಸಿಸ್ ತಪ್ಪಿದೆ. ಕಂಬಸಾಲಿನ ನಡುವಿಗೆ ಹೋದಂತೆ ಬೋದಿಗೆಗಳೆಲ್ಲ ಕೆಂಪಾದರೆ ಜಗಲಿಯ ಏರಿಕೆ ಕಂಬಕ್ಕೆ ಸೇರಿಲ್ಲ. ಕದಲದ, ‘ಕ’ ದರ್ಜೆಯ ಕಲ್ಲುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಕೊನೆಗೆ ಕಣ್ಣಿನ ಪರೀಕ್ಷೆ. ಕ್ಯಾಮೆರಾವನ್ನು ಜಗಲಿಯ ಮೂಲೆಯಲ್ಲಿ, ಮೇಲಿನ ಮೆಟ್ಟಿಲಿನ ಅಂಚಿಗೆ ತಾಗುವಷ್ಟು ಕೆಳಗಿಟ್ಟು ಉದ್ದಕ್ಕೆ ನೋಡಿ. ಬಾಗು ಆ ತುದಿಯ ಮೆಟ್ಟಿಲನ್ನು ಮರೆಮಾಡಬೇಕು. ಆಮೇಲೆ 1.6 ಮೀಟರ್ ಎತ್ತರದಲ್ಲಿ 50 ಮಿ.ಮೀ. ಲೆನ್ಸಿನಿಂದ, ಸೂರ್ಯನನ್ನು ತಗ್ಗಿಸಿ, ಕಂಬಸಾಲಿನ ಪಕ್ಕದಿಂದ ರೆಂಡರ್ ಮಾಡಿ. ಅಗಲ ಲೆನ್ಸ್ ತಾನೇ ಗೆರೆಗಳನ್ನು ವಾಲಿಸುವುದರಿಂದ ನಿಜವಾದ ವಾಲು ಅದರಲ್ಲಿ ಮುಚ್ಚಿಹೋಗುತ್ತದೆ.

ಹೊರಗೆ ಕೊಡುವ ಫೈಲಿನಲ್ಲಿ ಎರಡು ರೂಪ ಇರಲಿ: ಕಲ್ಲು-ಬಣ್ಣದ್ದು ಒಂದು, ದರ್ಜೆಯಕ್ಷರಕ್ಕೆ ಒಂದೊಂದು ಚಪ್ಪಟೆ ಬಣ್ಣ ಹಚ್ಚಿದ್ದು ಇನ್ನೊಂದು, ಎರಡೂ ಅದೇ ಕ್ಯಾಮೆರಾದಿಂದ. ಜೊತೆಗೆ ಕಳೆದ ನಿರ್ದೇಶಾಂಕದ ಮೊತ್ತ, ಬಳಸಿದ ಸೂತ್ರಗಳು, ಪ್ರತಿ ‘ತ’ ಮತ್ತು ‘ಪ’ ವಸ್ತುವಿಗೆ ಒಂದು ಸಾಲಿನ ಕಾರಣ. ಪೂರ್ವದ ಗೋಡೆಯಲ್ಲಿ ಎರಡು ಕಿಟಕಿಗಳಿದ್ದವೆಂದು ವಾಸ್ತುಶಿಲ್ಪಿ ಮನೋಲಿಸ್ ಕೋರೆಸ್ ಚೆದುರಿದ ಕಲ್ಲುಗಳಿಂದ ತೋರಿಸಿಕೊಟ್ಟ ಮೇಲೆ ಹಳೆಯ ಮಾದರಿಗಳ ಆ ಗೋಡೆಯನ್ನು ತೆರೆಯಬೇಕಾಯಿತು. ಕಾರಣ ಬರೆದಿಟ್ಟ ಫೈಲಿನಲ್ಲಿ ಅಂಥ ಗೋಡೆ ಯಾವ ವಸ್ತು, ಯಾವ ದರ್ಜೆ ಎಂದು ಹುಡುಕಿ ಅದೊಂದನ್ನೇ ಬದಲಿಸಬಹುದು.